ಮೂರ್ಸಲಮ್ಮನ ಏಳು ಸಾಲು

ಅಪ್ಪ ಅಮ್ಮ ಇಟ್ಟ ಹೆಸರು ಆಫೀಸಿನಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. ಏನು ಕೊಟ್ಟರೂ ಮೂರು ಸಲ ಓದುತ್ತಾಳೆಂದು ಯಾರೋ ಒಮ್ಮೆ ಮೂರ್ಸಲಮ್ಮ ಎಂದರು, ಅದೇ ನಿಂತುಬಿಟ್ಟಿತು. ಅವಳೂ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು. ಕೊರಿಯರ್‌ನವನು ಸಹಿಗೆಂದು ಚೀಟಿ ಚಾಚಿದರೆ ಅದನ್ನೂ ಮೂರು ಸಲ ಓದಿ, ಅವನ ಮುಖವನ್ನೊಮ್ಮೆ ನೋಡಿ, ಆಮೇಲೆ ಪೆನ್ನು ಎತ್ತುವಳು. ಅಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಕೂತು ಒಂದು ಸುತ್ತು ಸುಧಾರಿಸಿಕೊಂಡಿರುತ್ತಿದ್ದ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ಹಳೆಯ ಕಸುಬಿನಿಂದ ಅಂಟಿದ್ದು. ಹನ್ನೆರಡು ವರ್ಷ ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಔಷಧಿ ಬಾಟಲಿಗಳ ಲೇಬಲ್ಲು. ದಿನಕ್ಕೆ ಎರಡು ಚಮಚ ಎಂಬಲ್ಲಿ ಹನ್ನೆರಡು ಚಮಚ ಎಂದು ಬಿದ್ದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಾಗಾಗಿ ಮೊದಲು ಮೇಲಿನಿಂದ ಕೆಳಕ್ಕೆ ಓದುವುದು, ಆಮೇಲೆ ಕೆಳಗಿನಿಂದ ಮೇಲಕ್ಕೆ, ಕೊನೆಗೆ ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲಿನ ತುದಿ ಇಟ್ಟು ಓದುವುದು. ಮುದ್ರಣಾಲಯ ಬಾಗಿಲು ಹಾಕಿದಾಗ ಅವಳಿಗೆ ಮೂವತ್ತಾರು. ಕಾಗದದ ಮೇಲೆ ತಪ್ಪು ಹುಡುಕುವವಳಿಗೆ ಕಂಪ್ಯೂಟರ್ ಪರದೆಯ ಮೇಲೆ ಹುಡುಕುವುದು ಯಾವ ಮಹಾ ಎಂದುಕೊಂಡು ಸಂಜೆ ತರಗತಿಗೆ ಸೇರಿ ಪ್ರೋಗ್ರಾಮಿಂಗ್ ಕಲಿತಳು. ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆರು ಜನರ ಒಂದು ಪುಟ್ಟ ಕಂಪನಿಯಿತ್ತು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನೀರಿನ ಲೋಟ ನಡುಗುತ್ತಿತ್ತು. ಅಲ್ಲಿಗೆ ಸೇರಿ ಒಂಬತ್ತು ವರ್ಷವಾಗಿತ್ತು.

ಕಂಪನಿಗೆ ಇದ್ದ ದೊಡ್ಡ ಗಿರಾಕಿ ಒಂದೇ, ಒಂದು ಲಾಂಡ್ರಿ. ಜನ ಮನೆಯಿಂದಲೇ ಬಟ್ಟೆ ಒಗೆಯಲು ಹಾಕುವ ಆ್ಯಪ್ ಒಂದು, ಗಾಡಿ ಡ್ರೈವರ್‌ಗಳಿಗೆ ಯಾವ ಮನೆಗೆ ಹೋಗಬೇಕೆಂದು ತೋರಿಸುವ ಆ್ಯಪ್ ಇನ್ನೊಂದು. ಎರಡೂ ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವು. ಹದಿನೈದು ದಿನಕ್ಕೊಮ್ಮೆ, ಶುಕ್ರವಾರ, ಬರೆದದ್ದನ್ನೆಲ್ಲ ಒಟ್ಟು ಕಟ್ಟಿ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವುದು ಮೂರ್ಸಲಮ್ಮನ ಕೆಲಸ. ಬಿಡುಗಡೆಯ ಪಾಸ್‌ವರ್ಡ್ ಇದ್ದದ್ದು ಅವಳೊಬ್ಬಳ ಬಳಿ.

ಪ್ರತಿ ಆ್ಯಪಿನಲ್ಲೂ ಒಂದು ಸಣ್ಣ ಫೈಲು. ಅದರಲ್ಲಿ ಏಳೇ ಸಾಲು: ಆವೃತ್ತಿಯ ಸಂಖ್ಯೆ, ಆ್ಯಪಿನ ಹೆಸರು, ಸರ್ವರಿನ ವಿಳಾಸ, ನಕ್ಷೆಯ ಗುರುತಿನ ಸಂಖ್ಯೆ, ಹೀಗೆ. ಪರೀಕ್ಷೆ ಮಾಡುವಾಗ ಇವುಗಳಿಗೆ ಒಂದು ಮೌಲ್ಯ, ಬಿಡುಗಡೆಗೆ ಬೇರೆ ಮೌಲ್ಯ. ಉಳಿದವರು ಬರೆದ ಸಾವಿರಾರು ಸಾಲು ಈ ಏಳನ್ನು ನೋಡಿಯೇ ನಡೆಯಬೇಕು. ಬಿಡುಗಡೆಯ ದಿನ ಮೂರ್ಸಲಮ್ಮ ಏಳನ್ನೂ ಕೈಯಾರೆ ಬದಲಿಸಿ, ಪರದೆಗೆ ಪೆನ್ಸಿಲ್ ಹಿಡಿದು ಮೂರು ಸಲ ಓದುವಳು. ಆಗ ಯಾರೂ ಕೆಮ್ಮುವಂತಿಲ್ಲ.

ಪಕ್ಕದ ಮೇಜಿನವನು ಕೆಮ್ಮಿದರೂ ಕೇಳಿಸುತ್ತಿರಲಿಲ್ಲ. ಅವನ ದನಿ ಅಷ್ಟು ಮೆತ್ತಗೆ, ಅದಕ್ಕೇ ಅವನು ಪಿಸುಮಾತಪ್ಪ. ಇಬ್ಬರು ಮಕ್ಕಳ ತಂದೆ, ಕೆಲಸದಲ್ಲಿ ಚತುರ. ಎರಡು ವರ್ಷದ ಹಿಂದೆಯೇ ಅವನು ಒಂದು ಮಾತು ಹೇಳಿದ್ದ: ಈ ಸಾಲುಗಳನ್ನು ಕೈಯಲ್ಲಿ ಬದಲಿಸಬೇಕಾದ್ದೇ ಇಲ್ಲ, ಅದಕ್ಕೊಂದು ಪ್ಲಗಿನ್ ಇದೆ. ಪರೀಕ್ಷೆಗೆ ಇದು, ಬಿಡುಗಡೆಗೆ ಅದು ಎಂದು, ಆ್ಯಪನ್ನು ಹೇಗೆ ಕಟ್ಟಬೇಕೆಂದು ಹೇಳುವ ಸ್ಕ್ರಿಪ್ಟಿನಲ್ಲಿ ಒಮ್ಮೆ ಬರೆದಿಟ್ಟರೆ, ಆ್ಯಪ್ ಕಟ್ಟುವ ಹೊತ್ತಿನಲ್ಲೇ ಅದು ಆ ಪುಟ್ಟ ಫೈಲನ್ನು ಹೊಸದಾಗಿ ತಾನೇ ಬರೆದುಕೊಳ್ಳುತ್ತದೆ. ಮೂರ್ಸಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಂತ್ರ ಎಷ್ಟು ಸಲ ಓದುತ್ತದೆ ಎಂದು ಕೇಳಿದಳು. ಅದು ಓದುವುದಿಲ್ಲ, ಬರೆಯುತ್ತದೆ ಎಂದ. ಓದದವರು ಬರೆದದ್ದನ್ನು ನಾನು ನಂಬುವುದಿಲ್ಲ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಪಾಪ, ಅವನಿಗೆ ಜೋರಾಗಿ ವಾದ ಮಾಡಲು ಗಂಟಲೇ ಇರಲಿಲ್ಲ.

ಎಡವಟ್ಟಾದದ್ದು ಒಂದು ಶುಕ್ರವಾರ. ಏಳು ಸಾಲು ಬದಲಿಸಿ, ಮೂರು ಸಲ ಓದಿ ಮುಗಿಸಿದ್ದಳು. ಅಷ್ಟರಲ್ಲಿ ಮ್ಯಾನೇಜರು ಬಂದು, ನಕ್ಷೆ ಒಮ್ಮೆ ಸರಿಯಾಗಿ ಕಾಣುತ್ತದೆಯೇ ತೋರಿಸಿ ಎಂದರು. ಡ್ರೈವರ್‌ಗಳ ಆ್ಯಪನ್ನು ಪರೀಕ್ಷೆಯ ಸರ್ವರಿಗೆ ತಿರುಗಿಸಿ ತೋರಿಸಿದಳು. ಚೆನ್ನಾಗಿದೆ ಎಂದು ಅವರು ಹೋದರು. ಇವಳು ಹೊಗಳಿಕೆಯ ಖುಷಿಯಲ್ಲಿ ಬಿಡುಗಡೆಯ ಗುಂಡಿ ಒತ್ತಿದಳು. ಸರ್ವರಿನ ವಿಳಾಸವನ್ನು ವಾಪಸು ತಿರುಗಿಸಿರಲಿಲ್ಲ.

ಪರೀಕ್ಷೆಯ ಸರ್ವರಿನಲ್ಲಿ ನಲವತ್ತು ಸುಳ್ಳು ಗಿರಾಕಿಗಳಿದ್ದರು. ಗಿರಾಕಿ ಒಂದು, ಗಿರಾಕಿ ಎರಡು ಎಂದು ಅವರಿಗೆ ಹೆಸರು ಕೊಟ್ಟವಳೂ ಇವಳೇ. ನಕ್ಷೆ ಕೆಲಸ ಮಾಡಬೇಕಾದರೆ ಮನೆಯ ವಿಳಾಸ ಮಾತ್ರ ನಿಜದ್ದಾಗಿರಬೇಕಿತ್ತು. ಯಾರ ಮನೆಯದೆಂದು ಕೊಡುವುದು? ನಲವತ್ತು ಜನರಿಗೂ ತನ್ನ ಅಕ್ಕನ ಮನೆಯ ವಿಳಾಸ ಕೊಟ್ಟು ಕೈ ತೊಳೆದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಏಳೂವರೆಗೆ ಲಾಂಡ್ರಿಯ ಹನ್ನೊಂದು ಗಾಡಿಗಳೂ ಅಕ್ಕನ ಬೀದಿಗೆ ಬಂದವು. ಬಾಗಿಲು ತೆಗೆದವರು ಭಾವ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಗಿರಾಕಿ ಹದಿನೇಳರ ಬಟ್ಟೆ ಕೊಡಿ ಎಂದ ಮೊದಲ ಡ್ರೈವರು. ಭಾವ ಸಾಧು ಮನುಷ್ಯ. ನಾದಿನಿ ಏನೋ ಏರ್ಪಾಟು ಮಾಡಿರಬೇಕೆಂದು ಒಳಗಿನಿಂದ ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ತಂದುಕೊಟ್ಟರು. ಎರಡನೆಯವನಿಗೆ ಹಾಸಿಗೆಯ ಹೊದಿಕೆ, ಮೂರನೆಯವನಿಗೆ ಸೋಫಾದ ಕವರು, ನಾಲ್ಕನೆಯವನಿಗೆ ಬೀರುವಿನ ಒಂದು ಅಂಕಣ ಪೂರ್ತಿ. ಐದನೆಯವನು ಬೆಲ್ ಒತ್ತಿದಾಗ ಅಕ್ಕ ಫೋನು ಎತ್ತಿಕೊಂಡಳು.

"ನಿನ್ನ ಭಾವನ ಮೈಮೇಲಿರೋದು ಬಿಟ್ರೆ ಮನೇಲಿ ಇನ್ನು ಬಟ್ಟೆ ಅನ್ನೋದೇ ಇಲ್ಲ ಕಣೆ. ಹೊರಗೆ ಇನ್ನೂ ಏಳು ಗಾಡಿ ನಿಂತಿವೆ. ಏನ್ ಕೊಡ್ಲಿ ಹೇಳು?"

ಮೂರ್ಸಲಮ್ಮನಿಗೆ ಒಂದೇ ಸಲಕ್ಕೆ ಎಲ್ಲವೂ ಅರ್ಥವಾಯಿತು. ಹೊಸ ಬಿಡುಗಡೆ ಕಳಿಸಿ ಗಾಡಿಗಳನ್ನು ದಾರಿಗೆ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಷ್ಟು ಹೊತ್ತೂ ನಿಜವಾದ ಗಿರಾಕಿಗಳು ಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕಾದರು. ಅವರಲ್ಲಿ ಒಂದು ಶುಶ್ರೂಷಾಲಯವೂ ಇತ್ತು, ಅಲ್ಲಿ ಹಾಸಿಗೆಗೆ ಹಾಸಲು ಒಗೆದ ಬಟ್ಟೆ ಸಾಲದೆ ಪರದಾಡಿದರಂತೆ. ಆ ಸುದ್ದಿ ಕೇಳಿದ ಮೇಲೆ ಭಾವನ ಪರದೆಯ ಕಥೆಗೆ ನಗಲು ಅವಳಿಗಂತೂ ಆಗಲಿಲ್ಲ.

ಸೋಮವಾರ ಮ್ಯಾನೇಜರು ಕರೆದರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಲಾಂಡ್ರಿಯ ಮಾಲೀಕರು ಶುಕ್ರವಾರ ಖುದ್ದಾಗಿ ಬರುತ್ತಿದ್ದಾರೆ, ಇನ್ನು ಮುಂದೆ ಹೀಗಾಗುವುದಿಲ್ಲವೆಂದು ಅವರಿಗೆ ಮನವರಿಕೆಯಾಗಬೇಕು ಎಂದರು. ಆಗದಿದ್ದರೆ ಬಿಡುಗಡೆಯ ಕೆಲಸ ಹೊರಗಿನವರಿಗೆ ಹೋಗುತ್ತದೆ, ಅವಳು ಕೂತು ಗಿರಾಕಿಗಳ ದೂರಿನ ಪತ್ರಗಳಿಗೆ ಉತ್ತರ ಬರೆಯಬೇಕಾಗುತ್ತದೆ. ಅವಳು ತಲೆಯಾಡಿಸಿ ತನ್ನ ಜಾಗಕ್ಕೆ ಬಂದಳು. ಒಂಬತ್ತು ವರ್ಷದಿಂದ ಆ ಕೆಲಸವೇ ತಾನು ಎಂದುಕೊಂಡಿದ್ದಳು. ಅದು ಕೈಬಿಟ್ಟರೆ ಇನ್ನೇನು ಉಳಿಯುತ್ತದೆ?

ಮೊದಲು ಅವಳಿಗೆ ಹೊಳೆದದ್ದು ನಾಲ್ಕು ಸಲ ಓದುವುದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಅಂಟಿದ ಗುಣವೂ ಅಷ್ಟೇ. ಆದರೆ ಮಂಗಳವಾರ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಮುದ್ರಣಾಲಯದ ಹಳೆಯ ಒಂದು ಪ್ರಸಂಗ ನೆನಪಾಯಿತು. ಅವಳು ಒಪ್ಪಿಗೆಯ ಸಹಿ ಹಾಕಿ ಕಳಿಸಿದ ಲೇಬಲ್ಲು, ಅಚ್ಚಾಗಿ ಬಂದಾಗ ತಪ್ಪು. ಸಹಿಯಾದ ಮೇಲೆ ಅಚ್ಚಿನ ಯಂತ್ರದವನು ಅಂಚು ಸರಿಮಾಡಲು ಹೋಗಿ ಒಂದು ಅಂಕಿ ಕೆಡಿಸಿದ್ದ. ಅವಳು ಮೂರಲ್ಲ, ಮೂವತ್ತು ಸಲ ಓದಿದ್ದರೂ ಅಷ್ಟೇ ಆಗುತ್ತಿತ್ತು. ಓದಿದ್ದು ಒಂದು, ಅಚ್ಚಾದದ್ದು ಇನ್ನೊಂದು. ಕಳೆದ ಶುಕ್ರವಾರವೂ ಹಾಗೆಯೇ. ಅಂದು ಯಂತ್ರದವನು ಕೈ ಹಾಕಿದ್ದ, ಇಂದು ಕೈ ಹಾಕಿದವಳು ತಾನೇ. ಓದುವುದಕ್ಕೂ ಕಟ್ಟುವುದಕ್ಕೂ ನಡುವೆ ಯಾರ ಕೈಯೂ ಬರಬಾರದು, ಅಷ್ಟೇ ಬೇಕಾದದ್ದು. ಯೋಚನೆಯಲ್ಲಿ ಅವಳು ಬಸ್ಸು ತಪ್ಪಿಸಿಕೊಂಡಳು.

ಆಫೀಸಿಗೆ ಬಂದವಳೇ ಪಿಸುಮಾತಪ್ಪನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡಳು.

"ಎರಡು ವರ್ಷದ ಹಿಂದೆ ಒಂದು ಮಾತು ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ತೀರಾ?"

ಅವನು ಹೇಳಿದ. ನಾನು ಆಗಲೇ ಹೇಳಿರಲಿಲ್ಲವೇ ಎಂದು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ಅದಕ್ಕೆ ಅವಳು ಅವನಿಗೆ ಜನ್ಮವಿಡೀ ಋಣಿ.

ಪ್ಲಗಿನ್ನಿನ ಹೆಸರನ್ನು ಸ್ಕ್ರಿಪ್ಟಿಗೆ ಸೇರಿಸುವುದು ಒಂದೇ ಸಾಲಿನ ಕೆಲಸ. ಕೆಳಗೆ ಏಳು ಹೆಸರು, ಒಂದೊಂದಕ್ಕೂ ಎರಡೆರಡು ಮೌಲ್ಯ. ಆವೃತ್ತಿಯ ಸಂಖ್ಯೆಯನ್ನಂತೂ ಬರೆಯಲೇಬೇಕಿರಲಿಲ್ಲ, ಪ್ರತಿ ಬಿಡುಗಡೆಗೂ ಹಚ್ಚುವ ಸಂಖ್ಯೆಯ ಗುರುತಿನಿಂದ ತಾನೇ ಎತ್ತಿಕೊಳ್ಳುವಂತೆ ಮಾಡಿದಳು. ಕಷ್ಟವಾದದ್ದು ಹಳೆಯ ಫೈಲನ್ನು ಅಳಿಸುವುದು. ಹೆಸರಿನ ಮೇಲೆ ಬೆರಳಿಟ್ಟುಕೊಂಡು ಒಂದು ಲೋಟ ಚಹಾ ಆರುವವರೆಗೂ ಕೂತಿದ್ದಳು. ಅಳಿಸಿದ ಮೇಲೆ ಪರದೆಯಲ್ಲಿ ನಲವತ್ತೊಂದು ಕೆಂಪು ಗುರುತು ಎದ್ದವು, ಕಳೆದುಹೋದ ಫೈಲನ್ನು ಹುಡುಕುತ್ತಿದ್ದ ನಲವತ್ತೊಂದು ಸಾಲು. ಒಂದೊಂದನ್ನೂ ಹೊಸ ಫೈಲಿನ ಕಡೆಗೆ ತಿರುಗಿಸುತ್ತ ಬಂದಳು. ಬುಧವಾರ ಸಂಜೆಗೆ ಕೊನೆಯ ಕೆಂಪೂ ಹೋಯಿತು. ಕಟ್ಟಲು ಹೇಳಿದಳು. ಪ್ಲಗಿನ್ ಬರೆದ ಫೈಲನ್ನು ತೆರೆದು ನೋಡಿದರೆ ಏಳು ಸಾಲೂ ಇದ್ದವು, ಅವಳು ಬರೆಯುತ್ತಿದ್ದದ್ದಕ್ಕಿಂತ ಅಚ್ಚುಕಟ್ಟಾಗಿ. ಬೇಕೆಂದೇ ಅದರಲ್ಲಿ ಒಂದು ಅಕ್ಷರ ಕೆಡಿಸಿ ಶುರುವಿನಿಂದ ಮತ್ತೆ ಕಟ್ಟಿದಳು. ಕೆಡಿಸಿದ್ದು ಮಾಯವಾಗಿ ಸರಿಯಾದದ್ದು ಬಂದಿತ್ತು. ಅವಳಿಗೆ ಜೋರಾಗಿ ನಗು ಬಂತು.

ಅಷ್ಟಕ್ಕೇ ಬಿಟ್ಟರೆ ಅವಳು ಮೂರ್ಸಲಮ್ಮ ಹೇಗಾದಾಳು? ಗುರುವಾರ ಒಂದು ಕಾವಲೂ ಇಟ್ಟಳು. ಬಿಡುಗಡೆಗೆ ಪರೀಕ್ಷೆಯ ಸರ್ವರಿನ ವಿಳಾಸ ಕೊಟ್ಟರೆ ಅಥವಾ ಜಾಗ ಖಾಲಿ ಬಿಟ್ಟರೆ, ಕಟ್ಟುವ ಕೆಲಸವೇ ನಿಂತುಬಿಡಬೇಕು.

ಶುಕ್ರವಾರ ಲಾಂಡ್ರಿಯ ಮಾಲೀಕರು ಬಂದರು. ಅರವತ್ತರ ಹೆಂಗಸು, ಇಸ್ತ್ರಿ ಪೆಟ್ಟಿಗೆ ಹಿಡಿದು ಶುರುಮಾಡಿ ಹನ್ನೊಂದು ಗಾಡಿಯವರೆಗೆ ಬಂದವರು. ಮಾತು ಕಡಿಮೆ, ನೋಟ ಚುರುಕು. ಮೂರ್ಸಲಮ್ಮ ವಿವರಿಸುವುದನ್ನೆಲ್ಲ ಕೇಳಿದರು. ಆಮೇಲೆ ತಾವೇ ಕೀಲಿಮಣೆ ಎಳೆದುಕೊಂಡು ತಪ್ಪು ಮಾಡಿ ನೋಡುತ್ತೇನೆ ಎಂದರು. ಪರೀಕ್ಷೆಯ ವಿಳಾಸ ಹಾಕಿದರು. ಬಿಡುಗಡೆಗೆ ಈ ವಿಳಾಸ ನಡೆಯುವುದಿಲ್ಲ ಎಂಬ ಕೆಂಪು ಸಾಲು ಬಂದು ಕೆಲಸ ನಿಂತಿತು. ಖಾಲಿ ಬಿಟ್ಟರು, ಮತ್ತೆ ನಿಂತಿತು. ಮ್ಯಾನೇಜರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಆಗ ಆ ಹೆಂಗಸು ಸ್ವಲ್ಪ ಯೋಚಿಸಿ, ವಿಳಾಸದ ಜಾಗದಲ್ಲಿ ತಮ್ಮ ಅಂಗಡಿಯ ಫೋನ್ ನಂಬರು ಹೊಡೆದರು.

ಯಂತ್ರ ಏನೂ ಅನ್ನದೆ ಪೂರ್ತಿ ಕಟ್ಟಿ ಮುಗಿಸಿತು. ಹಸಿರು ಗುರುತೂ ಹಾಕಿತು.

ಕೆಳಗಿನ ಹೊಲಿಗೆ ಯಂತ್ರವೊಂದೇ ಓಡುತ್ತಿತ್ತು. ಮ್ಯಾನೇಜರ ಮುಖ ಒಗೆದ ಬಟ್ಟೆಯಂತೆ ಬೆಳ್ಳಗಾಗಿತ್ತು. ಮೂರ್ಸಲಮ್ಮನಿಗೆ ಕೆಲಸ ಹೋಯಿತೆಂದೇ ಅನಿಸಿತು. ಆದರೂ ಕೈ ಸುಮ್ಮನಿರಲಿಲ್ಲ, ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಿತು.

"ಇದು ನನಗೆ ಹೊಳೆದಿರಲಿಲ್ಲ," ಎಂದು ಒಪ್ಪಿಕೊಂಡಳು. ಲಾಂಡ್ರಿಯ ನಿಜವಾದ ಸರ್ವರನ್ನು ಬಿಟ್ಟು ಇನ್ನೇನು ಇದ್ದರೂ ನಿಲ್ಲಬೇಕೆಂದು ಒಂದು ಸಾಲು ಸೇರಿಸಿದಳು. ಮತ್ತೆ ಕಟ್ಟಿದಳು. ಫೋನ್ ನಂಬರನ್ನು ಕಂಡು ಯಂತ್ರ ಈಗ ಖಡಾಖಂಡಿತವಾಗಿ ನಿಂತಿತು.

"ನಾಳೆ ನಾನು ಇನ್ನೊಂದು ಹೊಸ ತಪ್ಪು ಕಂಡುಹಿಡಿದ್ರೆ?" ಎಂದರು ಮಾಲೀಕರು.

"ಅದಕ್ಕೂ ಒಂದು ಸಾಲು ಸೇರಿಸ್ತೀನಮ್ಮ. ಇದಕ್ಕೆ ಗೊತ್ತಿರೋದು ನಾವು ಹೇಳಿಕೊಟ್ಟ ತಪ್ಪು ಮಾತ್ರ. ಆದ್ರೆ ಒಂದ್ಸಲ ಹೇಳಿಕೊಟ್ರೆ ಮರೆಯಲ್ಲ." ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು. "ನಾನು ಮರೀತೀನಿ."

ಒಂಬತ್ತು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದನ್ನು ಆ ಕೋಣೆ ಕೇಳಿರಲಿಲ್ಲ. ಪಿಸುಮಾತಪ್ಪ ತಲೆಯೆತ್ತಿ ನೋಡಿದ. ಮಾಲೀಕರು ತಮ್ಮ ಅಂಗಡಿಯ ಒಂದು ಕಥೆ ಹೇಳಿದರು. ಅವರ ಹತ್ತಿರ ಇಸ್ತ್ರಿಗೆ ಎಂಟು ಜನರಿದ್ದಾರೆ. ಬೆಲೆಬಾಳುವ ಬಟ್ಟೆ ಬಂದರೆ ಅವರು ಕೊಡುವುದು ಹಿಂದೆ ಒಮ್ಮೆ ಒಂದು ಕೋಟನ್ನು ಸುಟ್ಟವನ ಕೈಗೆ. ಸುಟ್ಟದ್ದು ನಾನೇ ಎಂದು ಅವನು ತಾನಾಗಿ ಬಂದು ಹೇಳಿದ್ದನಂತೆ. ಬಿಡುಗಡೆ ಇವರ ಹತ್ತಿರವೇ ಇರಲಿ ಎಂದು ಮ್ಯಾನೇಜರಿಗೆ ಹೇಳಿ, ಅವರು ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು.

ಮ್ಯಾನೇಜರು ಹಣೆ ಒರೆಸಿಕೊಂಡು, ಹಾಗಾದರೆ ಪಾಸ್‌ವರ್ಡು ಎಂದಿನಂತೆ ನಿಮ್ಮ ಬಳಿಯೇ ಇರಲಿ ಎಂದರು. ಮೂರ್ಸಲಮ್ಮ ಪಕ್ಕದ ಮೇಜಿನ ಕಡೆ ತೋರಿಸಿದಳು.

"ಅವರಿಗೂ ಒಂದು ಮಾಡಿಕೊಡಿ ಸಾರ್. ಮುಂದಿನ ಬಿಡುಗಡೆ ದಿನ ನನಗೆ ರಜೆ ಬೇಕು."

ಮ್ಯಾನೇಜರು ಏನಾದರೂ ತೊಂದರೆಯೇ, ಮೈ ಹುಷಾರಿಲ್ಲವೇ ಎಂದು ಗಾಬರಿಯಿಂದ ಕೇಳಿದರು. ಏನೂ ಇಲ್ಲ, ಸುಮ್ಮನೆ ಎಂದಳು. ರಜೆಯ ಅರ್ಜಿ ಬರೆದು, ಒಂದೇ ಒಂದು ಸಲ ಓದಿ, ಅವರ ಮೇಜಿನ ಮೇಲಿಟ್ಟಳು.