ಕ್ಲಚ್ ಅಕ್ಕ ನೀರಿಗಿಳಿದದ್ದು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಜೊತೆ ಪೆಡಲು, ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಕೆಳಗೆ ಇನ್ನೊಂದು ಜೊತೆ ಪೆಡಲು ಇರುತ್ತದೆ. ಕಲಿಯುವವರು ಹೆದರಿ ಕಣ್ಣು ಮುಚ್ಚಿದರೆ ಕಲಿಸುವವರು ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿ ಇಬ್ಬರ ಪ್ರಾಣವನ್ನೂ ಉಳಿಸಬೇಕು. ಹಾಗೆ ಪ್ರಾಣ ಉಳಿಸುತ್ತಾ, "ಕ್ಲಚ್ಚು! ಕ್ಲಚ್ಚು ಬಿಡಬೇಡಿ ಅಂದೆ!" ಎಂದು ಪಕ್ಕದ ಬೀದಿಗೂ ಕೇಳುವಂತೆ ಕೂಗುತ್ತಾ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಹೆಂಗಸೊಬ್ಬಳಿದ್ದಳು. ಹೆತ್ತವರು ಇಟ್ಟ ಹೆಸರು ಎಂದೋ ಮೂಲೆಗೆ ಬಿದ್ದು, ಎಲ್ಲರ ಬಾಯಲ್ಲೂ ಅವಳು ಕ್ಲಚ್ ಅಕ್ಕ ಆಗಿದ್ದಳು. ಅವಳ ಬೈಗುಳಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಲೈಸೆನ್ಸ್ ಸಿಕ್ಕಿದ ದಿನ ಬಂದು ಕೈ ಹಿಡಿದು ಕುಲುಕಿ ಹೋಗುತ್ತಿದ್ದರು.

ಅವಳು ಆ ಸ್ಕೂಲಿಗೆ ಸೇರಿದ್ದು ಫೋನು ಎತ್ತುವ ಕೆಲಸಕ್ಕೆ. ಗಂಡು ಮೇಷ್ಟ್ರುಗಳ ಪಕ್ಕ ಕೂತು ಹೆಂಗಸರು ಬೆವರುವುದನ್ನು ಕಿಟಕಿಯಿಂದ ನೋಡಿ ನೋಡಿ, "ನಾನೇ ಕಲಿತು ಕಲಿಸ್ತೀನಿ" ಎಂದು ಸ್ಕೂಲಿನ ಯಜಮಾನರ ಮುಂದೆ ಪಟ್ಟು ಹಿಡಿದಳು. ಅವರು ನಕ್ಕರು. ಅವಳು ನಗಲಿಲ್ಲ. ಕೊನೆಗೆ ಅವಳ ಕಾಟ ತಾಳಲಾರದೆ ಒಪ್ಪಿದರು. ಆಮೇಲೆ ಕಲಿಯಲು ಬರುವ ಹೆಂಗಸರೆಲ್ಲ ಅವಳನ್ನೇ ಕೇಳುವಂತಾದಾಗ ನಗು ನಿಂತಿತು.

ಇಂಥವಳ ಎಡ ಮೊಣಕಾಲಿಗೆ ಕುತ್ತು ತಂದದ್ದು ಒಬ್ಬ ಕವಿಹೃದಯದ ವಿದ್ಯಾರ್ಥಿ. ಸಿಗ್ನಲ್ಲಿನಲ್ಲಿ ಮೋಡ ನೋಡುತ್ತಿದ್ದವನು ಹಿಂದಿನ ಗಾಡಿಯ ಹಾರನ್ನಿಗೆ ಬೆಚ್ಚಿಬಿದ್ದು, ಕ್ಲಚ್ಚು ಫಟ್ಟನೆ ಬಿಟ್ಟು, ಇನ್ನೊಂದು ಕಾಲಿನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಕಾರು ಹಾರಿ ರಸ್ತೆ ನಡುವಿನ ಕಟ್ಟೆಗೆ ಗುದ್ದಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಅಕ್ಕನ ಮೊಣಕಾಲು ಮುಂದಿನ ಹಲಗೆಗೆ ಬಡಿದು ಚಿಪ್ಪು ಒಡೆಯಿತು. ಆಪರೇಷನ್ ಆಯಿತು, ಗಾಯ ಮಾಯಿತು, ಕಾಲು ಮಾತ್ರ ಮಡಚಲಿಲ್ಲ. ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ನೆಲದ ಮೇಲೆ ಭಾರ ಹಾಕಿ ತಿಕ್ಕಾಡಿದ್ರೆ ಪ್ರಯೋಜನ ಇಲ್ಲ ಅಮ್ಮ. ಎದೆ ಮಟ್ಟದ ನೀರಲ್ಲಿ ದಿನಾ ನಡೀಬೇಕು. ಈಗಲೇ ಶುರು ಮಾಡದಿದ್ರೆ ಇದು ಹೀಗೇ ಗಟ್ಟಿಯಾಗಿಬಿಡತ್ತೆ."

ಮಡಚದ ಕಾಲಿನಿಂದ ಕ್ಲಚ್ಚು ಒತ್ತಲಾಗುವುದಿಲ್ಲ. ಸ್ಕೂಲಿನ ಯಜಮಾನರು ಹಣ್ಣು ಹಿಡಿದುಕೊಂಡು ನೋಡಲು ಬಂದವರು, "ಯೋಚನೆ ಮಾಡಬೇಡಿ, ಫೋನಿನ ಕುರ್ಚಿ ಖಾಲಿ ಇದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರು ಹೋದ ಮೇಲೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿ ಅತ್ತಳು. ಹತ್ತಿ ಬಂದ ಮೆಟ್ಟಿಲನ್ನು ಮತ್ತೆ ಇಳಿದು ಆ ಕುರ್ಚಿಯಲ್ಲಿ ಕೂರುವುದು ಅವಳಿಗೆ ಸಾಧ್ಯವಿರಲಿಲ್ಲ.

ನೀರಿಗೇನೂ ಬರಗಾಲವಿರಲಿಲ್ಲ. ಅವಳು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನಲ್ಲಿ ಮುಂದಿನ ಕಟ್ಟಡ, ಹಿಂದಿನ ಕಟ್ಟಡ ಎಂದು ಎರಡು, ನಡುವೆ ಒಂದು ಈಜುಕೊಳ. ಹಿಂದಿನ ಕಟ್ಟಡದ ನೆಲಮಹಡಿಯ ಅವಳ ಅಡುಗೆಮನೆ ಕಿಟಕಿಗೆ ಕೊಳದ ನೀಲಿ ಕಾಣುತ್ತಿತ್ತು. ಆಸ್ಪತ್ರೆಯಿಂದ ಬಂದ ಸಂಜೆಯೇ ಊರುಗೋಲು ಹಿಡಿದು ಅಲ್ಲಿಗೆ ಹೋದಳು. ಬೇಲಿಯ ಬಾಗಿಲಿಗೆ ಹೊಸ ಬೋರ್ಡು ತೂಗುತ್ತಿತ್ತು: "ಈಜುಕೊಳದ ಬಳಕೆ, ತಮ್ಮ ಸ್ವಂತ ಮನೆಯಲ್ಲಿ ವಾಸಿಸುವ ಮಾಲೀಕರಿಗೆ ಮಾತ್ರ."

ಅಕ್ಷರಗಳು ಬಹಳ ಚೆನ್ನಾಗಿದ್ದವು. ಕೆಂಪು ಅಕ್ಷರಕ್ಕೆ ಹಳದಿ ನೆರಳು. ಆ ಹಳದಿ ನೆರಳನ್ನು ಹಾಗೆ ಎಳೆಯುವವನು ಊರಿನಲ್ಲಿ ಒಬ್ಬನೇ, ಅವನು ಅವಳ ಗಂಡ.

"ಏನ್ರೀ ಇದು?" ಎಂದಳು ಮನೆಗೆ ಬಂದು.

ಬೋರ್ಡು ಬರೆಯುವ ಗಂಡ ಬ್ರಷ್ಷು ತೊಳೆಯುತ್ತಾ, "ಚೆನ್ನಾಗಿ ಬಂದಿದೆ ಅಲ್ವಾ?" ಎಂದ. ಅಸೋಸಿಯೇಷನ್ನಿನ ಅಧ್ಯಕ್ಷರು ಒಂದು ಬೋರ್ಡು ಬೇಕು ಎಂದಿದ್ದರು, ಇವನು ಬರೆದುಕೊಟ್ಟಿದ್ದ. ಅಕ್ಷರ ನೋಡಿ ಬರೆಯುವುದು ಅವನ ಕಸುಬು, ಅರ್ಥ ನೋಡುವುದು ಅಲ್ಲ.

"ಕೂತ ಕೊಂಬೆ ಕಡಿಯೋದು ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ನೋಡ್ದೆ. ಅದಕ್ಕೆ ಹಳದಿ ನೆರಳು ಬೇರೆ!"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ದಿನ ಗಂಡ ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ಬೆಳಿಗ್ಗೆ ಎದ್ದವನೇ ಅಧ್ಯಕ್ಷರ ಮನೆಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ವಾಪಸು ಬಂದ. ಬೇಸಿಗೆಯಲ್ಲಿ ಬಾಡಿಗೆದಾರರೊಬ್ಬರ ನೆಂಟರಿಷ್ಟರು ಬಂದು ಕೊಳದಲ್ಲಿ ಗದ್ದಲ ಎಬ್ಬಿಸಿದ್ದೇ ಈ ನಿಯಮಕ್ಕೆ ಕಾರಣವಂತೆ. ಹೊರಗೆಲ್ಲೋ ಇರುವ ಮಾಲೀಕರು ಭಾನುವಾರ ಬಂದು ಮುಳುಗಿ ಹೋಗಬಾರದೆಂದು "ಸ್ವಂತ ಮನೆಯಲ್ಲಿ ವಾಸಿಸುವ" ಎಂಬ ಮಾತನ್ನು ಅಧ್ಯಕ್ಷರೇ ಸೇರಿಸಿದ್ದರಂತೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರಂತೆ. ಅಕ್ಕನ ಮನೆಯೊಡತಿ ದೂರದ ಊರಿನಿಂದ ಫೋನು ಮಾಡಿ ವಾದಿಸಿದ್ದಕ್ಕೂ ಅದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಡಾಕ್ಟರು ಇಳಿಯಿರಿ ಎಂದರೂ ಬೋರ್ಡು ಬೇಡ ಎಂದಿತು. ಊರಿನ ಇನ್ನೊಂದು ಕೊಳ ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರದಲ್ಲಿತ್ತು, ಅವಳ ಕಾಲಿಗೆ ಬಸ್ಸಿನ ಒಂದು ಮೆಟ್ಟಿಲೇ ಬೆಟ್ಟವಾಗಿತ್ತು.

ಅಧ್ಯಕ್ಷರು ಕೆಟ್ಟವರೇನಲ್ಲ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ನೆಟ್ಟಗಿನ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಬೆಳಿಗ್ಗೆ ಕೆಂಪು ಟೋಪಿ ಹಾಕಿಕೊಂಡು ಈಜುವುದೊಂದೇ ಅವರ ಸುಖ. ಅಕ್ಕ ಬೇಲಿಯಾಚೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು ಆ ಕೆಂಪು ಟೋಪಿ ಹೋಗಿಬರುವುದನ್ನು ನೋಡುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು.

ನಿಯಮ ಇನ್ನೂ ಬಿಗಿಯಾಗಲಿ ಎಂದು ಬಾಗಿಲಿಗೆ ಕಾರ್ಡು ತೋರಿಸಿದರೆ ತೆರೆಯುವ ಬೀಗ ತರಿಸಿದರು. ಬೀಗದ ಕಂಪನಿಯವನು ಅಧ್ಯಕ್ಷರ ನಿಯಮವನ್ನು ಇದ್ದದ್ದು ಇದ್ದ ಹಾಗೆ ಅದಕ್ಕೆ ತುಂಬಿಸಿದ. ಯಾರ ಮನೆ, ಯಾರ ವಾಸ, ಎರಡೂ ಒಂದೇ ಆದರೆ ಹಸಿರು ದೀಪ, ಬೇರೆಯಾದರೆ ಕೆಂಪು. ಮೊದಲ ಬೆಳಿಗ್ಗೆ ಅಧ್ಯಕ್ಷರು ಚಡ್ಡಿ, ಟವೆಲು, ಕೆಂಪು ಟೋಪಿಯಲ್ಲಿ ಬಂದು ಗಂಭೀರವಾಗಿ ಕಾರ್ಡು ತೋರಿಸಿದರು. ಕೆಂಪು ದೀಪ ಹತ್ತಿ ಬೀಗ ಕೀಚಲು ದನಿಯಲ್ಲಿ ಕಿರುಚಿತು. ಮತ್ತೆ ತೋರಿಸಿದರು, ಮತ್ತೆ ಕಿರುಚಿತು. ಕಾರ್ಡನ್ನು ಟವೆಲಿನಿಂದ ಒರೆಸಿ ತೋರಿಸಿದರು. ಅದು ಪಟ್ಟು ಬಿಡಲಿಲ್ಲ.

"ಏನಾಗಿದೆ ಇದಕ್ಕೆ?" ಎಂದು ಕಾವಲುಗಾರನನ್ನು ಗದರಿದರು.

ಕಾವಲುಗಾರ ತಲೆ ಕೆರೆದುಕೊಂಡ. "ಬೀಗ ಸರಿಯಾಗೇ ಇದೆ ಸಾರ್. ನಿಮ್ಮ ಸ್ವಂತ ಮನೆ ಮುಂದಿನ ಕಟ್ಟಡದ್ದಲ್ವಾ? ಅದನ್ನ ಬಾಡಿಗೆಗೆ ಕೊಟ್ಟಿದೀರಲ್ಲ. ಈಗಿರೋದು ಹಿಂದಿನ ಕಟ್ಟಡದಲ್ಲಿ, ಆ ದೊಡ್ಡ ಮನೆ ಬೇರೆಯವರದ್ದು. ಅಂದ್ರೆ... ನೀವು ಬಾಡಿಗೆದಾರರು ಸಾರ್."

ನಿಜ. ಮಗಳು ಅವಳಿಮಕ್ಕಳನ್ನು ಕಟ್ಟಿಕೊಂಡು ಬಂದಾಗ ಸ್ವಂತ ಮನೆ ಚಿಕ್ಕದಾಯಿತೆಂದು ಅದನ್ನು ಬಾಡಿಗೆಗೆ ಕೊಟ್ಟು, ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಆದರೆ ಆವರಣದಲ್ಲಿ ಒಂದು ಮನೆ ಇರುವವನಿಗೆ ಇಡೀ ಆವರಣವೇ ತನ್ನದೆನಿಸುತ್ತದೆ. ತಾವೂ ಬಾಡಿಗೆದಾರರೆಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ತಾವು ತೋಡಿದ ಹಳ್ಳಕ್ಕೆ ತಾವೇ, ಅದೂ ಚಡ್ಡಿಯಲ್ಲಿ, ಬಿದ್ದಿದ್ದರು. "ನಿಯಮ ಅಂದ್ರೆ ನಿಯಮ" ಎಂದವರೇ ಟವೆಲು ಹೊದ್ದು ಹೊರಟುಹೋದರು. ಅಕ್ಕ ಬೆಂಚಿನ ಮೇಲೆ ಮೊಣಕಾಲು ನೋಯುವಷ್ಟು ನಕ್ಕಳು.

ಇನ್ನೇನು, ನಾಳೆಗೇ ಬೋರ್ಡು ಇಳಿಯುತ್ತದೆ ಎಂದುಕೊಂಡಳು. ಇಳಿಯಲಿಲ್ಲ. ಅಧ್ಯಕ್ಷರು ಮಾರನೆಯ ದಿನವೂ ಬರಲಿಲ್ಲ, ಆ ವಾರವಿಡೀ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಮಗೊಂದು ಕಳ್ಳದಾರಿ ಮಾಡಿಕೊಳ್ಳುತ್ತಿದ್ದರು. ಇವರು ತಮ್ಮ ನಿಯಮಕ್ಕೆ ತಾವೇ ತಲೆಬಾಗಿ ಮನೆಯಲ್ಲಿ ಕೂತರು. ಕೊಳ ಖಾಲಿ ಬಿದ್ದಿತು. ಕಾರ್ಡಿದ್ದವರಿಗೆ ಈಜು ಬಾರದು, ಈಜಬೇಕಾದವರಿಗೆ ಕಾರ್ಡಿಲ್ಲ. ಅಷ್ಟರಲ್ಲಿ ಡಾಕ್ಟರು ಮೊಣಕಾಲನ್ನು ಮಡಚಿ ನೋಡಿ, ತುಟಿ ಬಿಗಿದು, "ಇನ್ನು ತಡ ಮಾಡ್ಬೇಡಿ" ಎಂದರು.

ಅವತ್ತೇ ಅಕ್ಕ ಲಿಫ್ಟು ಹತ್ತಿ ಅಧ್ಯಕ್ಷರ ಬಾಗಿಲು ಬಡಿದಳು. ಬಾಗಿಲು ತೆರೆದ ಮನುಷ್ಯ ಇಳಿದುಹೋಗಿದ್ದರು, ಗಡ್ಡ ಬಿಟ್ಟಿದ್ದರು. ಅಕ್ಕ ಸೋಫಾದಲ್ಲಿ ಕೂತು ಪೈಜಾಮದ ಕಾಲನ್ನು ಮೇಲಕ್ಕೆ ಸರಿಸಿ, ಮೊಣಕಾಲು ಎಲ್ಲಿಯವರೆಗೆ ಮಡಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದಳು. ಸ್ವಲ್ಪವೇ ಮಡಚಿತು. ಅವಳ ಹಣೆಯ ಮೇಲೆ ಬೆವರು ಬಂತು.

"ನೀವು ಇಷ್ಟು ನೆಟ್ಟಗೆ ಕೂತ್ರೆ ನನ್ನ ಕಾಲೂ ಜೀವನಪೂರ್ತಿ ನೆಟ್ಟಗೇ ಇರತ್ತೆ ಸಾರ್" ಎಂದಳು.

ಅಧ್ಯಕ್ಷರು ಮುಖ ತಿರುಗಿಸಿದರು. "ನಿಯಮ ತಪ್ಪು ಅಂತ ನನಗೂ ಗೊತ್ತಾಗಿದೆಯಮ್ಮ. ಆದ್ರೆ ಈಗ ತೆಗೆದ್ರೆ ಜನ ಏನಂತಾರೆ? ನಿಮ್ಮಂಥವರನ್ನ ಹೊರಗಿಟ್ಟಾಗ ಸುಮ್ಮನಿದ್ದ, ತನ್ನ ಬುಡಕ್ಕೆ ಬಂದಾಗ ತೆಗೆದ ಅಂತಾರೆ."

"ಅಂತಾರೆ, ಅದು ನಿಜಾನೂ ಹೌದು. ನಾನೂ ಅಂದಿದೀನಿ" ಎಂದಳು ಅಕ್ಕ. "ಆದ್ರೆ ಜನ ಆಡ್ಕೊಳ್ಳೋದು ನಾಲ್ಕು ದಿನ. ನನಗೆ ಈ ಕಾಲು ಕೊನೇ ತನಕ ಬೇಕು. ನಿಮ್ಮ ಈಜಿಗೋಸ್ಕರ ತೆಗೆಯಕ್ಕೆ ನಾಚಿಕೆಯಾದ್ರೆ ನನ್ನ ಮೊಣಕಾಲಿಗೋಸ್ಕರ ತೆಗೀರಿ. ನನ್ನ ಹೆಸರು ಹೇಳಿ, ಅವಳ ಗೋಳು ತಡೆಯಕ್ಕಾಗ್ಲಿಲ್ಲ ಅನ್ನಿ. ನನಗೇನೂ ನಾಚಿಕೆ ಇಲ್ಲ."

ಭಾನುವಾರ ಸಭೆ ಸೇರಿತು. ಅಧ್ಯಕ್ಷರು ಗಡ್ಡ ಬೋಳಿಸಿಕೊಂಡು ಬಂದಿದ್ದರು. ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ಅಕ್ಕ, ಈಗ ನನ್ನ ಮೊಣಕಾಲಿನ ಕಥೆ ಶುರುವಾಗುತ್ತದೆ ಎಂದು ಕಾದಳು. ಅವರು ಅವಳ ಸುದ್ದಿಯನ್ನೇ ಎತ್ತಲಿಲ್ಲ.

"ನಾನು ಬಾಡಿಗೆದಾರ" ಎಂದು ಶುರು ಮಾಡಿದರು. "ಅದನ್ನ ನನಗೆ ಒಂದು ಬೀಗ ಹೇಳಿಕೊಡಬೇಕಾಯ್ತು. ಒಂದು ವಾರದಿಂದ ಈಜಿಲ್ಲ. ಕಿಟಕಿಯಿಂದ ನೀರು ನೋಡ್ತಾ ಕೂತಿದ್ದೆ. ಹೀಗೆ ನೋಡ್ತಾ ಕೂರೋದು ಎಷ್ಟು ಕಷ್ಟ ಅಂತ ಗೊತ್ತಿದ್ದಿದ್ರೆ ಆ ಬೋರ್ಡು ಬರೆಸ್ತಿರಲಿಲ್ಲ. ಇಲ್ಲಿ ಯಾರು ವಾಸ ಇದಾರೋ ಕೊಳ ಅವರದು. ಗದ್ದಲ ಮಾಡಿದವರನ್ನ ಮಾತ್ರ ಹೊರಗೆ ಕಳಿಸೋಣ, ಅವರು ಮಾಲೀಕರಾದ್ರೂ ಸರಿ. ಒಪ್ಪೋರು ಕೈ ಎತ್ತಿ."

ಆಡಿಕೊಳ್ಳುವವರು ಆಡಿಕೊಂಡರು, ಒಬ್ಬಿಬ್ಬರು ಮೂಗು ಮುರಿದರು. ಆದರೆ ಕೈಗಳು ಎದ್ದವು. ಅಕ್ಕ ಎರಡೂ ಕೈ ಎತ್ತಿದ್ದಕ್ಕೆ ಕಾವಲುಗಾರ ಒಂದನ್ನು ಇಳಿಸಬೇಕಾಯಿತು. ಸಭೆ ಮುಗಿಯುವ ಮೊದಲೇ ಅವಳ ಗಂಡ ಎದ್ದುಹೋಗಿ ತಾನು ಬರೆದ ಬೋರ್ಡನ್ನು ತಾನೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮರುದಿನ ಬೆಳಿಗ್ಗೆ ಕಾವಲುಗಾರ ಬೀಗ ತೆಗೆದಿಟ್ಟ ಬಾಗಿಲು ದಾಟಿ ಅವಳು ಕೊಳದ ಕಂಬಿ ಹಿಡಿದು ಇಳಿದಳು. ನೀರು ತಣ್ಣಗಿತ್ತು, ಬಾಯಿಂದ ಒಂದು ಬೈಗುಳ ತಾನಾಗಿ ಹೊರಟಿತು. ಆಚೆ ಬದಿಯಲ್ಲಿ ಈಜುತ್ತಿದ್ದ ಅಧ್ಯಕ್ಷರು ಕೇಳಿಸದವರಂತೆ ತಿರುಗಿಕೊಂಡರು. ಸೊಂಟ ಮುಳುಗಿತು, ಎದೆ ಮುಳುಗಿತು. ಇಷ್ಟು ದಿನ ಹೊತ್ತು ತಿರುಗಿದ ಭಾರವನ್ನು ಯಾರೋ ಹೇಳದೆ ಕೇಳದೆ ಕೈಯಿಂದ ಇಸಿದುಕೊಂಡಂತಾಯಿತು. ಹೆದರಿ ಹೆದರಿ ಒಂದು ಹೆಜ್ಜೆ ಇಟ್ಟಳು, ಆಮೇಲೆ ಇನ್ನೊಂದು. ಗೋಡೆ ಹಿಡಿದು ನಿಂತು, ಉಸಿರು ಬಿಗಿಹಿಡಿದು, ಎಡಗಾಲನ್ನು ಮೆಲ್ಲನೆ ಎತ್ತಿದಳು. ಅಂದು ಅಧ್ಯಕ್ಷರ ಸೋಫಾದಲ್ಲಿ ನಿಂತುಹೋಗಿದ್ದ ಜಾಗವನ್ನು ಮೊಣಕಾಲು ದಾಟಿತು. ನೋವಿತ್ತು, ಆದರೆ ಅದು ಬಿಡುತ್ತಿರುವ ನೋವು.

"ರೀ" ಎಂದಳು. "ಮಡಚ್ತಾ ಇದೆ ಕಣ್ರೀ."

ಊರುಗೋಲು, ಟವೆಲು ಎರಡನ್ನೂ ಅಪ್ಪಿಕೊಂಡು ನಿಂತಿದ್ದ ಗಂಡ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿಗೆ ಬಗ್ಗಿ ನೋಡಿದ. ಅವನ ಕಣ್ಣೂ ಮಂಜಾಗಿತ್ತು, ನೀರೂ ಅಲುಗುತ್ತಿತ್ತು, ಏನೂ ಸರಿಯಾಗಿ ಕಾಣಲಿಲ್ಲ.

"ಎಲ್ಲಿ, ಇನ್ನೊಂದ್ಸಲ ಮಡಚು" ಎಂದ.

ಅವಳು ಮಡಚಿದಳು.