ನಮ್ಮ ಹಸುವಿನ ಮುಂದೆ ಎರಡು ಭಾಷೆ

ಚನ್ನಪಟ್ಟಣಕ್ಕೆ ಬೊಂಬೆ ಕೆಲಸ ಕಲಿಯಲು ಬಂದಿದ್ದ ಇಬ್ಬರು ಹುಡುಗಿಯರನ್ನು ಮೊಮ್ಮಗಳು ಮನೆಗೆ ಕರೆತಂದಳು. ಒಬ್ಬಳು ಬೆಲಾರೂಸಿನವಳು, ಇನ್ನೊಬ್ಬಳು ಮಲೇಷ್ಯಾದವಳು. ನಾನು ಹಾಲು ಕರೆಯಲು ಕೂತಿದ್ದೆ.

"ನಿಮ್ ನಿಮ್ ಭಾಷೇಲಿ ಹಸಾನ ಕೂಗ್ರವ್ವ, ಯಾರ್ ಕಡೆ ತಿರುಗ್ತದೋ ನೋಡಾನ" ಎಂದೆ. ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಮಲಯ್ ಮಾತು ನಮ್ಮದರಂತೆಯೇ ಮೆತ್ತಗೆ ಬಂತು. ಹಸು ತಿರುಗಿತು. ಬೆಲಾರೂಸಿನವಳು ತುಸು ಅಳುಕುತ್ತಲೇ ಕೂಗಿದಳು. ಹಸು ಕಿವಿಯನ್ನೂ ಆಡಿಸಲಿಲ್ಲ.

"ನಿಂದು ಒಗ್ಗರಣೆಗೆ ಸಾಸಿವೆ ಸಿಡ್ದಂಗೈತೆ ಕಣವ್ವ, ಅದ್ಕೇ ಹಸ ಹೆದರ್ಕೊಂಡೈತೆ!" ಎಂದು ಅವಳ ಹಾಗೆಯೇ ಕೂಗಿ ಅಣಕಿಸಿ ನಕ್ಕೆ.

ಅವಳು ಮೆಲ್ಲಗೆ ಏನೋ ಹೇಳಿದಳು. ಮೊಮ್ಮಗಳು ನನ್ನ ಮುಖ ನೋಡದೆ ತಿಳಿಸಿದಳು: "ಅದು ಅವಳ ಅಜ್ಜಿ ಹಸೂನ ಕೂಗೋ ಮಾತಂತೆ, ಅಜ್ಜಿ. ಅವರ ಪ್ಯಾಟೇಲಿ ಎಲ್ಲಾ ರಷ್ಯನ್ನೇ ಅಂತೆ. ಅವರದೇ ಆದ ಈ ಬೆಲಾರೂಸಿ ಭಾಷೆ ಆಡಿದ್ರೆ ಹಳ್ಳಿಗುಗ್ಗು ಅಂತ ನಗ್ತಾರಂತೆ. ಇಲ್ಲಿ ಯಾರೂ ನಗಲ್ಲ ಅನ್ಕೊಂಡಿದ್ಲಂತೆ."

ಬೆಂಗಳೂರಿನ ನೆಂಟರು ನನ್ನ 'ಐತೆ'ಗೆ ನಕ್ಕರೆ ಊಟ ಬಿಟ್ಟು ಏಳುವವಳು ನಾನು.

"ತಪ್ಪಾಯ್ತು ಕಣವ್ವ, ಇನ್ನೊಂದ್ಸಲ ಕೂಗು" ಎಂದೆ. ಅವಳು ನಗುತ್ತಲೇ ಬೇಡವೆಂದು ತಲೆಯಾಡಿಸಿ, ಹಸುವಿನ ಕೊರಳನ್ನು ಸುಮ್ಮನೆ ಸವರಿದಳು. ಕೆಚ್ಚಲಿನ ಕಡೆ ಬಗ್ಗಿದ ನನಗೆ ತಲೆ ಎತ್ತಲಾಗಲಿಲ್ಲ.