ಜಾಮಿಟ್ರಿ ಪೆಟ್ಟಿಗೆಯ ಚೀಟಿ

ಕುಂಬಳೆಯಲ್ಲಿ ಹತ್ತನೆಯ ತರಗತಿಯ ತುಲ್ಯತಾ ಪರೀಕ್ಷೆ. ಅಂದರೆ ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರಿಗೆ. ಕೋಣೆ ಕಾಯುವ ಕೆಲಸ ನನ್ನದು. ನನಗೋ ಎಲ್ಲರ ಮೇಲೂ ಅನುಮಾನ. ಮೂರನೇ ಬೆಂಚಿನ ನಫೀಸಾ ಮತ್ತೆ ಮತ್ತೆ ಜಾಮಿಟ್ರಿ ಪೆಟ್ಟಿಗೆ ತೆರೆದು ಇಣುಕುತ್ತಿದ್ದಳು. ಹೋಗಿ ನೋಡಿದರೆ ಒಳಗೆ ಅರಬಿ ಅಕ್ಷರದ ಚೀಟಿ!

"ಇದು ಎಂತ?"

"ಅತ್ತೆ ಕೊಟ್ಟದ್ದು ಮಾಸ್ಟ್ರೇ. ಕಾಪಿ ಅಲ್ಲ."

"ಅರಬಿಯಲ್ಲಿ ಬರೆದರೆ ನನಗೆ ಗೊತ್ತಾಗುವುದಿಲ್ಲ ಅಂತ ಲೆಕ್ಕವಾ?"

ಉತ್ತರಪತ್ರಿಕೆ ಕಿತ್ತುಕೊಂಡು, ಶಾಲೆಯ ಅರಬಿ ಮಾಸ್ಟ್ರನ್ನು ಕರೆಸಿದೆ. ಅವರು ಓದಿ ನಕ್ಕುಬಿಟ್ಟರು.

"ಅಕ್ಷರ ಮಾತ್ರ ಅರಬಿ ಮಾರಾಯ್ರೇ, ಮಾತು ನಮ್ಮ ಬ್ಯಾರಿ ಭಾಷೆಯದ್ದು. ಹಳೇ ಹೆಂಗಸರು ಮದ್ರಸದಲ್ಲಿ ಕಲಿತ ಬರವಣಿಗೆ. ಕೇಳಿ: 'ಮಗು ನನ್ನ ಹತ್ತಿರ ಉಂಟು, ಅಳುವುದಿಲ್ಲ. ಹೆದರದೆ ಬರೆ. ಮಾಸ್ಟ್ರು ಕಣ್ಣು ಬಿಟ್ಟರೂ ತಲೆ ಎತ್ತಬೇಡ.'"

ನಫೀಸಾ ತಲೆ ಎತ್ತಲಿಲ್ಲ. ಪತ್ರಿಕೆ ಹಿಂದೆ ಕೊಟ್ಟು, ನಾನು ಹಾಳು ಮಾಡಿದ ಹತ್ತು ನಿಮಿಷವನ್ನು ಕೊನೆಗೆ ಸೇರಿಸಿದೆ.

ಸಂಜೆ ಗೇಟಿನ ಹತ್ತಿರ ಮಗು ಎತ್ತಿಕೊಂಡು ನಿಂತಿದ್ದ ಅತ್ತೆಯನ್ನು ನೋಡಿದಾಗ ಗುರುತು ಸಿಕ್ಕಿತು. ಹಿಂದಿನ ವರ್ಷ ಸಾಕ್ಷರತಾ ಸರ್ವೆಗೆ ಅವರ ಮನೆಗೆ ಹೋದವನು ನಾನೇ. ಕನ್ನಡ ಓದಲು ಬರೆಯಲು ಬರುವುದಿಲ್ಲ, ಮಲಯಾಳವೂ ಬರುವುದಿಲ್ಲ ಎಂದದ್ದಕ್ಕೆ, ಅವರ ಹೆಸರಿನ ಮುಂದೆ 'ನಿರಕ್ಷರಿ' ಎಂದು ದುಂಡಗೆ ಬರೆದುಕೊಂಡು ಬಂದಿದ್ದೆ.